ಅರ್ಧ ಮಿರ್ಚಿ

ಚಿತ್ತವಾಡ್ಗಿ, ಹೊಸಪೇಟೆ
20 ಜನವರಿ 2025

ಚಿಗವ್ವಾ,

ಸುಂಕಪ್ಪ ನಿನಗೆ ಮಾಡುತ್ತಿರುವುದು ಅನ್ಯಾಯ. ಹನ್ನೆರಡು ವರ್ಷದಿಂದ ಮಾಡುತ್ತಿದ್ದಾನೆ. ಕಂಪ್ಲಿ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ನೋಡುವಂತೆ ಮಾಡುತ್ತಿದ್ದಾನೆ. ನೀನು ನಗುತ್ತಾ ಮಾಡಿಸಿಕೊಳ್ಳುತ್ತಿದ್ದೀಯ.

ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ನೀನು ಮಿರ್ಚಿ ಬಂಡಿ ನಿಲ್ಲಿಸಿ, ಎಣ್ಣೆ ಕಾಯಿಸಿ, ಮೊದಲನೇ ಮಿರ್ಚಿ ಬಾಣಲೆಯಿಂದ ತೆಗೆಯುವುದೇ ತಡ, ಆ ಮುದುಕ ರೈಸ್ ಮಿಲ್ಲಿನ ಹಮಾಲಿ ಮುಗಿಸಿ ಬಂದು ನಿಲ್ಲುತ್ತಾನೆ. "ಮೊದ್ಲು ನೀ ತಿನ್ನು ಹಂಪಕ್ಕ, ಆಮ್ಯಾಗ ನಮಗ" ಅನ್ನುತ್ತಾನೆ. ಬಂದವರೆಲ್ಲ ನಿನ್ನ ಬಾಯಿ ನೋಡುತ್ತಾರೆ. ನೀನು ಅರ್ಧ ಕಚ್ಚಿದ ಮೇಲೆ ಉಳಿದರ್ಧವನ್ನು ನಿನ್ನ ಕೈಯಿಂದಲೇ ಕಸಿದು ಪುಕ್ಕಟೆ ತಿಂದು ಹೋಗುತ್ತಾನೆ. ಬೇರೆ ಯಾವ ಬಂಡಿಯವರಿಗೆ ಈ ಪರೀಕ್ಷೆ ಇದೆ? ಚಹಾದ ಜಂಬಪ್ಪನಿಗೆ ಯಾರಾದರೂ "ಮೊದಲು ನೀನು ಕುಡಿ" ಅನ್ನುತ್ತಾರಾ?

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕಳೆದ ವಾರ ನೀನು ಹೊಸಪೇಟೆ ಆಸ್ಪತ್ರೆಗೆ ಬಂದಾಗ ನನ್ನನ್ನು ನೋಡದವಳ ಹಾಗೆ ಹೋದೆ, ರಿಪೋರ್ಟನ್ನು ಮಾತ್ರ ನನ್ನ ಚೀಲದಲ್ಲಿ ತುರುಕಿ ಹೋದೆ. ಓದಿದೆ. ನಿನ್ನ ರಕ್ತದಲ್ಲಿ ಕೊಬ್ಬು ಇರಬೇಕಾದ್ದಕ್ಕಿಂತ ಮೂರು ಪಟ್ಟು ಇದೆ. ಸಕ್ಕರೆಯೂ ಗಡಿಯ ಮೇಲೆ ನಿಂತಿದೆ. ನಮ್ಮಂಥವರಿಗೆ ಹೀಗಾಗುವುದು ಹೆಚ್ಚು. ವೈರಸ್ಸೂ ಅದಕ್ಕೆ ಕಾರಣ, ನೀನು ತಿನ್ನುವ ಎಚ್.ಐ.ವಿ. ಗುಳಿಗೆಯೂ ಸ್ವಲ್ಪ ಕಾರಣ. ಹಾಗಂತ ಆ ಗುಳಿಗೆ ಬಿಡುವಂತಿಲ್ಲ, ಬಿಟ್ಟರೆ ಬದುಕೇ ಇಲ್ಲ. ಕೊಬ್ಬಿಗೆ ಬೇರೆ ಗುಳಿಗೆ ತಿನ್ನಬೇಕು, ಎಣ್ಣೆ ಕಡಿಮೆ ಮಾಡಬೇಕು. ವೈರಸ್ಸನ್ನು ಗೆದ್ದವರು ಹೃದಯ ನಿಂತು ಸಾಯುತ್ತಿದ್ದಾರೆ ಚಿಗವ್ವಾ. ಇದನ್ನು ನಮಗೆ ಮೊದಲೇ ಯಾರೂ ಬಿಡಿಸಿ ಹೇಳಲಿಲ್ಲ. ನಾನು ನಮ್ಮ ಸೋಂಕಿತರ ಸಂಘದ ಕರಪತ್ರಗಳನ್ನು ಓದಿ ತಿಳಿದುಕೊಂಡೆ.

ಸುಂಕಪ್ಪನ ಪರೀಕ್ಷೆ ದಿನಕ್ಕೊಂದು ಮಿರ್ಚಿ. ಆಮೇಲೆ ನೀನೇ ರೂಢಿ ಮಾಡಿಕೊಂಡೆ. ಬಾಣಲೆಯಿಂದ ತೆಗೆದಾಗಲೆಲ್ಲ ಒಂದು, ಮುರಿದದ್ದು ಒಂದು, ಮನೆಗೆ ಹೋಗಿ ಅನ್ನಕ್ಕೆ ತುಪ್ಪ. ನಿಲ್ಲಿಸು. ನಾಳೆ ಸಂಜೆ ಅವನಿಗೆ "ತಿನ್ನುವುದಿಲ್ಲ" ಅಂತ ಹೇಳು.

ನಾನೇ ಬಂದು ಹೇಳುತ್ತಿದ್ದೆ. ಆದರೆ ಡಿಸೆಂಬರ್ ಒಂದರ ಏಡ್ಸ್ ದಿನದ ಸಭೆಯಲ್ಲಿ ಮುಖ ಮುಚ್ಚಿಕೊಳ್ಳದೆ ಮಾತಾಡಿ ಪೇಪರಿನಲ್ಲಿ ಫೋಟೋ ಬಂದ ಮೇಲೆ ನೀನು "ಕಂಪ್ಲಿಗೆ ಕಾಲಿಡಬ್ಯಾಡ" ಅಂದಿದ್ದೀಯಲ್ಲ. ಫೋನಿಗೆ ಬರೆದರೆ ಬಂಡಿಗೆ ಬಂದವರೆಲ್ಲ ಓದುತ್ತಾರೆ ಅನ್ನುತ್ತೀಯ. ಅದಕ್ಕೇ ಕಾಗದ.

ಸಿಟ್ಟಿನಲ್ಲಿರುವ, ಆದರೂ ನಿನ್ನವಳೇ ಆದ
ಪಂಪಾವತಿ

---

ಕಂಪ್ಲಿ
29 ಜನವರಿ 2025

ಪಂಪೀ,

ನಿನ್ನ ಕಾಗದವನ್ನು ಮೊದಲ ಸಲ ಓದಿದಾಗ ಸಿಟ್ಟು ಬಂತು, ಎರಡನೇ ಸಲ ನಗು ಬಂತು. ಇಷ್ಟು ಚಂದ ಬೈಯುವವಳ ಅಕ್ಷರ ಮಾತ್ರ ಇನ್ನೂ ಕೋಳಿ ಕೆದರಿದ ಹಾಗೇ ಇದೆ.

ಸುಂಕಪ್ಪಣ್ಣನನ್ನು "ಅವನು" ಅನ್ನಬೇಡ. ನಿನಗೆ ತಾತನ ವಯಸ್ಸು.

ಆ ದಿನಗಳು ನಿನಗೆ ಅರೆಬರೆ ನೆನಪು. ನಿನ್ನವ್ವ ತೀರಿಹೋಗಿ ನೀನು ನನ್ನ ಮಡಿಲಿಗೆ ಬಂದ ಎರಡೇ ವರ್ಷಕ್ಕೆ ನಿನ್ನ ಚಿಗಪ್ಪ ಸಂಡೂರಿನ ಅದಿರು ಲಾರಿ ಬಿಟ್ಟು ಹಾಸಿಗೆ ಹಿಡಿದ, ಹೋದ. ನಾನು ಒಣಗಿದ ಜೋಳದ ದಂಟಿನ ಹಾಗಾದೆ. ಕೆನ್ನೆ ಒಳಗೆ ಹೋದವು. ರೋಗದ ಹೆಸರು ಯಾರೂ ಎತ್ತಲಿಲ್ಲ, ಬಂಡಿಗೆ ಬರುವುದನ್ನು ಮಾತ್ರ ಬಿಟ್ಟರು. ಕರಿದ ಮಿರ್ಚಿಯನ್ನು ಕಾಲುವೆಗೆ ಚೆಲ್ಲಿ ಬಂದ ಸಂಜೆಗಳಿವೆ. ಅಂಥ ಒಂದು ದಿನ ಸುಂಕಪ್ಪಣ್ಣ ಬಂದು "ಮೊದ್ಲು ನೀ ತಿನ್ನು, ನೋಡೋಣು" ಅಂದ. ತಿಂದೆ. ಮರುದಿನ ಒಬ್ಬಿಬ್ಬರು ಬಂದರು. ಆಮೇಲೆ ಗುಳಿಗೆ ಮೈಗೆ ಹತ್ತಿತು, ಕೆನ್ನೆ ತುಂಬಿದವು, ಬಂಡಿಯ ಮುಂದೆ ಜನವೂ ತುಂಬಿದರು.

ಅದು ಪರೀಕ್ಷೆಯೇ ಇರಲಿ, ನಾನು ದಿನಾ ಪಾಸಾಗುತ್ತಿದ್ದೇನೆ. ಇವತ್ತು ಬಾಯಿಗೆ ಹಾಕದಿದ್ದರೆ "ತಾ ತಿನ್ನಲಾರದ್ದು ಮಂದಿಗೆ ಮಾರ್ತಾಳ" ಅನ್ನುತ್ತಾರೆ. ತೆಳ್ಳಗಾದರೆ ಇನ್ನೂ ಕೆಟ್ಟದ್ದು. ಮೊನ್ನೆ ಯಾರೋ "ಹಂಪಕ್ಕಗ ಏನ್ ಬರ್ತೈತಿ, ಗುಂಡ್ಕಲ್ಲಿನಂಗ ಅದಾಳ" ಅಂದರು. ನನಗೆ ಅದು ಆಶೀರ್ವಾದದ ಹಾಗೆ ಕೇಳಿಸಿತು. ನಿನ್ನ ಕರಪತ್ರ ಬರೆದವರು ಇದನ್ನು ಬರೆದಿದ್ದಾರಾ?

ಆದರೂ ನಿನ್ನ ಮಾತು ಪೂರ್ತಿ ಮೀರಿಲ್ಲ. ಕೊಬ್ಬಿನ ಗುಳಿಗೆ ತಂದೆ. ಡಾಕ್ಟರು ಬರೆದದ್ದು ಆಸ್ಪತ್ರೆಯಲ್ಲಿ ಆವತ್ತು ಇರಲಿಲ್ಲ, ಹೊರಗೆ ತೊಗೊಳ್ಳಿ ಅಂದಿದ್ದರು. ಇಲ್ಲಿಯ ಸಿದ್ದಲಿಂಗೇಶನ ಔಷಧಿ ಅಂಗಡಿಗೆ ಹೋಗಿ ಚೀಟಿ ತೋರಿಸದೆ, "ರಕ್ತದಾಗಿನ ಕೊಬ್ಬು ಕರಗಾದು ಗುಳಿಗಿ ಕೊಡಪ್ಪ" ಅಂದೆ. ಚೀಟಿಯ ಮೇಲೆ ಆಸ್ಪತ್ರೆಯ ನಮ್ಮ ವಿಭಾಗದ ಮುದ್ರೆ ಇದೆಯಲ್ಲ, ಅದನ್ನು ಅವನ ಕಣ್ಣಿಗೆ ಹೇಗೆ ಹಿಡಿಯಲಿ? ಅವನು ಸಂಜೆ ಮಿರ್ಚಿಗೆ ಬರುವವನು. ಕೊಟ್ಟ. ರಾತ್ರಿ ಒಂದು ತಿನ್ನುತ್ತಿದ್ದೇನೆ. ಸಮಾಧಾನವಾಯಿತಾ?

ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಕರಪತ್ರವನ್ನೇ ತಿನ್ನುತ್ತೀಯೋ?

ನಿನ್ನ ಚಿಗವ್ವ
ಹಂಪಕ್ಕ

---

ಚಿತ್ತವಾಡ್ಗಿ
7 ಫೆಬ್ರವರಿ 2025

ಚಿಗವ್ವಾ,

ಸಮಾಧಾನವಾಗಲಿಲ್ಲ. ಸಿದ್ದಲಿಂಗೇಶ ಕೊಟ್ಟ ಗುಳಿಗೆ ಯಾವುದು? ಪಟ್ಟಿಯ ಹಿಂದೆ ಇರುವ ಹೆಸರನ್ನು ಇದ್ದ ಹಾಗೆ ಬರೆದು ಕಳಿಸು. ಇಂಗ್ಲಿಷ್ ಅಕ್ಷರ ತೊಡಕಾದರೆ ಪಟ್ಟಿಯ ತುದಿಯನ್ನೇ ಕತ್ತರಿಸಿ ಲಕೋಟೆಯಲ್ಲಿ ಹಾಕು. ನೀನು ತಿನ್ನುತ್ತಿರುವುದು ಎರಡನೇ ಹಂತದ, ಮೊದಲಿನದು ಕೆಲಸ ಮಾಡದಾದಾಗ ಕೊಡುವ ಎಚ್.ಐ.ವಿ. ಗುಳಿಗೆ. ಅದರ ಜೊತೆ ಎಲ್ಲ ಕೊಬ್ಬಿನ ಗುಳಿಗೆಗಳೂ ಕೂಡಿ ಬಾಳುವುದಿಲ್ಲ. ಅದಕ್ಕೇ ಡಾಕ್ಟರು ಒಂದನ್ನೇ ಆರಿಸಿ, ಕಡಿಮೆ ಪ್ರಮಾಣದಲ್ಲಿ ಬರೆದಿರುತ್ತಾರೆ.

ಇನ್ನೊಂದು. ರಕ್ತದ ಕೊಬ್ಬು ಬೇರೆ, ಮೈಯ ದುಂಡು ಬೇರೆ. ಕಡ್ಡಿಯಂಥವರ ರಕ್ತದಲ್ಲೂ ಕೊಬ್ಬು ಇರುತ್ತದೆ. ನಿನ್ನ ಕೆನ್ನೆ ತುಂಬಿದ್ದು ಎಚ್.ಐ.ವಿ. ಗುಳಿಗೆಯಿಂದ, ತುಪ್ಪದಿಂದಲ್ಲ. ರೊಟ್ಟಿ, ಬೇಳೆ, ಸೊಪ್ಪು ತಿಂದು ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ನಡೆದಾಡಿದರೆ ಕೆನ್ನೆ ಎಲ್ಲಿಗೂ ಹೋಗುವುದಿಲ್ಲ.

ಭಾನುವಾರ ಸಂಘದವರು ಕುರೆಕುಪ್ಪಕ್ಕೆ ಹೋಗಿದ್ದೆವು. ಜೆರಾಕ್ಸ್ ಅಂಗಡಿಯ ಸಾಹುಕಾರ ನನ್ನ ಸಂಬಳದಲ್ಲಿ ಮುರಿದುಕೊಂಡು ಅಚ್ಚು ಹಾಕಿಸಿಕೊಟ್ಟ ಕರಪತ್ರ ಹಂಚಿದೆ. ಕಾರ್ಖಾನೆಯ ಷಿಫ್ಟ್ ಮುಗಿಸಿ ಬಂದ ಒಬ್ಬ ಓದಿ, "ಏ ತಂಗಿ, ಕೊಬ್ಬು ಅಂದ್ರ ಸಾವುಕಾರ್ರ ಜಡ್ಡಲ್ಲೇನು? ನಮಗ್ಯಾಕ ಕೊಡ್ತಿ?" ಅಂದ. "ನಿಮ್ಮ ಕ್ಯಾಂಟೀನಿನ ಎಣ್ಣಿ ಸಾವುಕಾರಂದಾ?" ಅಂದೆ. ನಕ್ಕು, ಇನ್ನೂ ನಾಲ್ಕು ಇಸಿದುಕೊಂಡು ಹೋದ. ಅಪರಿಚಿತರಿಗೆ ನನ್ನ ಮಾತು ತಿಳಿಯುತ್ತದೆ. ಸಾಕಿದವಳಿಗೆ ಮಾತ್ರ ತಿಳಿಯುವುದಿಲ್ಲ.

ಸುಂಕಪ್ಪನ ಬಗ್ಗೆ ನನ್ನ ಮಾತು ಬದಲಾಗಿಲ್ಲ. "ಅವರು" ಅನ್ನುತ್ತೇನೆ, ಬೇಕಾದರೆ. ಅವರು ಮಾಡುತ್ತಿರುವುದು ಅನ್ಯಾಯ.

ಪಂಪಾವತಿ

---

ಕಂಪ್ಲಿ
25 ಫೆಬ್ರವರಿ 2025

ಪಂಪೀ,

ಕಾಗದ ತಡವಾಯಿತು, ಬೈಯಬೇಡ. ಕೈಗೆ ಬಿಡುವಿತ್ತು, ಕಾಲಿಗೆ ಬಲವಿರಲಿಲ್ಲ. ಟಪಾಲು ಡಬ್ಬಿಯವರೆಗೆ ನಡೆಯುವುದೇ ದೊಡ್ಡ ಕೆಲಸವಾಗಿದೆ. ತೊಡೆ, ಮೀನಖಂಡ ಎಲ್ಲ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ನಿಂತು ನಿಂತು ಹೀಗಾಗಿರಬೇಕು, ನಲವತ್ತೆಂಟು ಆಯಿತಲ್ಲ. ಜಂಬಪ್ಪನ ಹೆಂಡತಿ ಎಣ್ಣೆ ತಿಕ್ಕಿಕೊಳ್ಳಲು ಹೇಳಿದಳು. ನೋಡು, ನೀನು ಎಣ್ಣೆ ಹೊಟ್ಟೆಗೆ ಬೇಡ ಅಂದೆ, ಈಗ ಮೈಗೆ ಬಂತು.

ಮೂತ್ರವೂ ಎರಡು ದಿನದಿಂದ ಚಹಾದ ಬಣ್ಣದಲ್ಲಿದೆ. ಬಿಸಿಲು ಶುರುವಾಯಿತು, ನೀರು ಸಾಲುತ್ತಿಲ್ಲವೇನೋ.

ನಿನಗೆ ಖುಷಿಯಾಗಲಿ ಅಂತ ಹೇಳುತ್ತೇನೆ, ತುಪ್ಪ ಬಿಟ್ಟಿದ್ದೇನೆ. ಮುರಿದ ಮಿರ್ಚಿಯನ್ನು ಈಗ ಬಸ್ ಸ್ಟ್ಯಾಂಡಿನ ನಾಯಿ ತಿನ್ನುತ್ತದೆ, ಅದಕ್ಕೆ ಕೊಬ್ಬು ಬಂದೀತು. ಸುಂಕಪ್ಪಣ್ಣನ ಮುಂದೆ ತಿನ್ನುವ ಅರ್ಧ ಮಾತ್ರ ಬಿಟ್ಟಿಲ್ಲ. ಅದನ್ನು ಕೇಳಬೇಡ.

ಗುಳಿಗೆ ಪಟ್ಟಿಯ ತುದಿ ಒಳಗಿಟ್ಟಿದ್ದೇನೆ.

ಹಂಪಕ್ಕ

---

ಹೊಸಪೇಟೆ ಬಸ್ ಸ್ಟ್ಯಾಂಡ್
28 ಫೆಬ್ರವರಿ 2025, ಮಧ್ಯಾಹ್ನ

ಚಿಗವ್ವಾ,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು "ರಾಂಗ್ ನಂಬರ್ ರೀ" ಅಂದು ಇಟ್ಟುಬಿಟ್ಟೆ. ಬಂಡಿಯ ಮುಂದೆ ಜನ ಇದ್ದರು ಅಂತ ಗೊತ್ತು. ಅದಕ್ಕೇ ಈ ಚೀಟಿಯನ್ನು ಕಂಪ್ಲಿ ಬಸ್ಸಿನ ಕಂಡಕ್ಟರ್ ಲಿಂಗರಾಜನ ಕೈಯಲ್ಲಿ ಕೊಡುತ್ತಿದ್ದೇನೆ. ಮಿರ್ಚಿ ಆರ್ಡರ್ ಅಂತ ಹೇಳಿದ್ದೇನೆ.

ಸಿದ್ದಲಿಂಗೇಶ ಕೊಟ್ಟ ಗುಳಿಗೆ ಸಿಮ್ವಾಸ್ಟಾಟಿನ್. ಡಾಕ್ಟರು ಬರೆದದ್ದು ಅದಲ್ಲ. ನಿನ್ನ ಎಚ್.ಐ.ವಿ. ಗುಳಿಗೆಯ ಜೊತೆ ಅದನ್ನು ತಿನ್ನಲೇಬಾರದು. ತಿಂದರೆ ಅದು ರಕ್ತದಲ್ಲಿ ಏರುತ್ತಾ ಹೋಗಿ ಮಾಂಸಖಂಡವನ್ನು ಕರಗಿಸುತ್ತದೆ, ಮೂತ್ರಪಿಂಡಕ್ಕೆ ಏಟು ಬೀಳುತ್ತದೆ. ನಿನ್ನ ಕಾಲು ನೋವು ವಯಸ್ಸಿನದ್ದಲ್ಲ, ಮೂತ್ರದ ಬಣ್ಣ ಬಿಸಿಲಿನದ್ದಲ್ಲ. ಡಾಕ್ಟರಿಗೆ ಪಟ್ಟಿ ತೋರಿಸಿದೆ. ಕೂಡಲೇ ಕರೆದುಕೊಂಡು ಬಾ ಅಂದಿದ್ದಾರೆ.

ಆ ಕೊಬ್ಬಿನ ಗುಳಿಗೆಯನ್ನು ಮುಟ್ಟಬೇಡ. ಎಚ್.ಐ.ವಿ. ಗುಳಿಗೆ ಬಿಡಬೇಡ. ಇದೇ ಬಸ್ಸು ತಿರುಗಿ ಬರುವಾಗ ಹತ್ತಿ ಬಾ. ನಾನು ಇಲ್ಲೇ ನಿಂತಿರುತ್ತೇನೆ. ಬಸ್ಸಿನಲ್ಲಿ ನೀನು ಇರದಿದ್ದರೆ ಮುಂದಿನ ಬಸ್ಸಿಗೆ ನಾನು ಬರುತ್ತೇನೆ. ಬಂಡಿಯ ಮುಂದೆ ನಿಂತು ಚಿಗವ್ವಾ ಅಂತ ಕೂಗುತ್ತೇನೆ. ಯಾರು ಏನು ಅಂದುಕೊಂಡರೂ ಸರಿ.

ಪಂಪಿ

---

ಕಂಪ್ಲಿ
24 ಮಾರ್ಚ್ 2025

ಪಂಪೀ,

ಆಸ್ಪತ್ರೆಯಲ್ಲಿ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ, ಆದರೂ ಒಂದು ಮಾತು ಹೇಳಲಾಗಲಿಲ್ಲ. ವಾರ್ಡಿನಲ್ಲಿ ಕಿವಿಗಳು ಜಾಸ್ತಿ. ಮನೆಗೆ ಬಂದ ಮೇಲೂ ಇಷ್ಟು ದಿನ ಯೋಚಿಸಿದೆ, ಬರೆಯುವುದು ಹೇಗೆ ಅಂತ.

ಆವತ್ತು ಲಿಂಗರಾಜ ಬಸ್ಸಿನ ಬಾಗಿಲಲ್ಲೇ ನಿಂತು "ಹಂಪಕ್ಕ, ಹೊಸಪ್ಯಾಟಿಯಿಂದ ದೊಡ್ಡ ಆರ್ಡರ್ ಬಂದೈತಿ!" ಅಂತ ಕೂಗಿದ. ಚೀಟಿ ಓದಿದೆ. ಬಂಡಿಯ ಅಂಚು ಹಿಡಿದುಕೊಂಡೆ, ಕಾಲು ನಿಲ್ಲಲಿಲ್ಲ. ಸುಂಕಪ್ಪಣ್ಣ ಆಗಷ್ಟೇ ಬಂದಿದ್ದ.

"ಎಷ್ಟು ಮಿರ್ಚಿ ಬೇಕಂತ?"

"ಐವತ್ತು."

"ಐವತ್ತು ಮಿರ್ಚಿಗೆ ಯಾರರ ಅಳ್ತಾರೇನು?"

ಒಲೆ ಆರಿಸಿದ. ನನ್ನ ಕಂಕುಳಿಗೆ ಕೈ ಕೊಟ್ಟ. "ಬ್ಯಾಡಣ್ಣ, ನಾ ಭಾಳ ಭಾರ ಅದೀನಿ" ಅಂದೆ. "ನಲವತ್ತು ವರ್ಷ ಅಕ್ಕಿ ಚೀಲ ಹೊತ್ತೀನಿ, ನೀ ಯಾವ ಲೆಕ್ಕ? ಚೀಲ ಸುಮ್ಮನರ ಇರ್ತಾವ" ಅಂದ. ಬಸ್ಸಿಗೆ ಹತ್ತಿಸಿ, ಹೊರಡುವವರೆಗೆ ಪಕ್ಕದಲ್ಲಿ ಕೂತ.

"ಯಾವ ಗುಳಿಗಿ ತಿಂದು ಹಿಂಗಾತು?"

"ಬಿ.ಪಿ.ದು, ಅಣ್ಣ."

ಅವನು ಕಿಟಕಿಯಾಚೆ ನೋಡುತ್ತಾ ಮೆಲ್ಲಗೆ ಹೇಳಿದ. "ಹಂಪಕ್ಕ, ನಿನ್ನ ಗಂಡನ್ನ ಬೆನ್ನ ಮ್ಯಾಲ ಹೊತ್ಕೊಂಡು ದವಾಖಾನಿ ಮೆಟ್ಲ ಹತ್ತಿದಾವ ನಾನು. ಡಾಕ್ಟರು ನನ್ನ ಮುಂದನ ಹೇಳಿದ್ರು. ನನ್ನ ಮುಂದ ಬಿ.ಪಿ. ಅಂತೀಯೇನ?"

ಅವನಿಗೆ ಮೊದಲಿಂದಲೂ ಗೊತ್ತಿತ್ತು. ಹನ್ನೆರಡು ವರ್ಷ! ಆಮೇಲೆ ಸಿಟ್ಟು ಬಂತು, ನಿನ್ನದೇ ಸಿಟ್ಟು, ನಿನ್ನದೇ ಮಾತು. "ಗೊತ್ತಿದ್ದೂ ದಿನಾ ಮಂದಿ ಮುಂದ ನನ್ನ ಯಾಕ ಪರೀಕ್ಷಾ ಮಾಡ್ತಿದ್ದಿ?"

"ಪರೀಕ್ಷಾ?" ಅಂದ. ನಿಜವಾಗಿಯೂ ಅವನಿಗೆ ತಿಳಿಯಲಿಲ್ಲ. "ನೀ ತಿನ್ನಾದು ಮಂದಿ ನೋಡ್ಲಿ ಅಂತಲ್ಲ ತಂಗಿ. ನಿನ್ನ ಎಂಜಲ ನಾ ತಿನ್ನಾದು ನೋಡ್ಲಿ ಅಂತ. ನೋಡಿದ್ರು, ಬಂದ್ರು."

ಬಸ್ಸು ಬಿಟ್ಟಿತು. ಇಳಿದು ಹೋದವನು ಹಿಂತಿರುಗಿ, "ಉಳಿದ ಹಿಟ್ಟು ನಾನ ಕರೀತೀನಿ, ಚಿಂತಿ ಬ್ಯಾಡ" ಅಂದ. ಕರಿದನಂತೆ. ಜಂಬಪ್ಪ ಹೇಳಿದ, ಆವತ್ತಿನ ಮಿರ್ಚಿಯನ್ನು ನಾಯಿಯೂ ಮೂಸಲಿಲ್ಲ.

ಪಂಪೀ, ಎಲ್ಲರೂ ನನ್ನ ಬಾಯಿ ನೋಡುತ್ತಾರೆ ಅಂದುಕೊಂಡೇ ಇಷ್ಟು ವರ್ಷ ಕರಿದದ್ದು ತಿಂದೆ, ತುಪ್ಪ ತಿಂದೆ. ಅವರು ನೋಡುತ್ತಿದ್ದದ್ದು ಸುಂಕಪ್ಪಣ್ಣನ ಬಾಯಿಯನ್ನು.

ಮೂತ್ರದ ಬಣ್ಣ ತಿಳಿಯಾಗಿದೆ. ಕಾಲುಗಳು ನನ್ನವೇ ಅನ್ನಿಸುತ್ತಿವೆ. ಇಂದು ಬಂಡಿಯ ಚಕ್ರಕ್ಕೆ ಎಣ್ಣೆ ಬಿಟ್ಟೆ. ಆ ಎಣ್ಣೆಗೂ ನಿನ್ನ ಅಪ್ಪಣೆ ಬೇಕಾ?

ನಿನ್ನ ಚಿಗವ್ವ

---

ಚಿತ್ತವಾಡ್ಗಿ
4 ಏಪ್ರಿಲ್ 2025

ಚಿಗವ್ವಾ,

ನಿನ್ನ ಕಾಗದವನ್ನು ಟಿ.ಬಿ. ಡ್ಯಾಂ ರಸ್ತೆಯ ಅಂಗಡಿಯಲ್ಲಿ, ಜೆರಾಕ್ಸ್ ಮಷಿನ್ ಓಡುತ್ತಿರುವಾಗ ಓದಿದೆ. ಯಾರದೋ ಆಧಾರ್ ಕಾರ್ಡಿನ ಒಂದು ಪ್ರತಿ ಬೇಕಿತ್ತು, ಇಪ್ಪತ್ತು ಹೊರಬಂದವು.

ಎಂಜಲಿನಿಂದ ಎಚ್.ಐ.ವಿ. ಹರಡುವುದಿಲ್ಲ ಅಂತ ನಾನು ಎಷ್ಟು ಊರಿನಲ್ಲಿ ಭಾಷಣ ಮಾಡಿದ್ದೇನೆ, ಎಷ್ಟು ಕಾಗದ ಹಂಚಿದ್ದೇನೆ! ನಮ್ಮ ಬಂಡಿಯ ಮುಂದೆ ದಿನಾ ಸಂಜೆ ಒಬ್ಬರು ಅದನ್ನು ಮಾತಿಲ್ಲದೆ ಹೇಳುತ್ತಿದ್ದರು. ನನ್ನ ಕಣ್ಣಿಗೆ ಬಿದ್ದದ್ದು ಪುಕ್ಕಟೆ ತಿನ್ನುವ ಮುದುಕ. ಈಗಿನಿಂದ ಅವರು ಸುಂಕಪ್ಪ ತಾತ.

ಆದರೆ ಒಂದು ಜಗಳ ಉಳಿದಿದೆ, ಅದನ್ನು ಬಿಡುವುದಿಲ್ಲ. ಸಿದ್ದಲಿಂಗೇಶ ಚೀಟಿ ಕೇಳದೆ ಗುಳಿಗೆ ಕೊಟ್ಟದ್ದು ತಪ್ಪು. ನೀನು ಚೀಟಿ ತೋರಿಸದಂತೆ ಮಾಡಿದ ಹೆದರಿಕೆ ಇನ್ನೂ ದೊಡ್ಡ ತಪ್ಪು, ಅದನ್ನು ಹುಟ್ಟಿಸಿದ್ದು ನೀನಲ್ಲ, ಮಂದಿ. ಹೊಸ ಗುಳಿಗೆ ಶುರು ಮಾಡುವಾಗ ಡಾಕ್ಟರು ಏನಂದರು? "ಯಾವ ಅಂಗಡಿಗೆ ಹೋದರೂ ತಿನ್ನುವ ಎಲ್ಲ ಗುಳಿಗೆ ಹೇಳಬೇಕು." ಮುಂದಿನ ಸಲ ಚೀಟಿಯನ್ನು ಮೇಜಿನ ಮೇಲೆ ಇಡುತ್ತೀಯಾ? ಇದನ್ನು ನಾನು ಆಜ್ಞೆ ಮಾಡಲಾರೆ. ಕೇಳುತ್ತಿದ್ದೇನೆ.

ಆಸ್ಪತ್ರೆಯಲ್ಲಿ ನೀನು ಹಟ ಹಿಡಿದೆಯಲ್ಲ, "ನನ್ನ ರಕ್ತ ಓದಾಕಿ ನಿಂದು ಯಾವಾಗ ಓದ್ತಿ?" ಅಂತ. ಖಾಲಿ ಹೊಟ್ಟೆಯಲ್ಲಿ ಹೋಗಿ ಕೊಟ್ಟು ಬಂದೆ. ನನ್ನದೂ ಸ್ವಲ್ಪ ಮೇಲಿದೆ. ಗುಳಿಗೆ ಬೇಡವಂತೆ, ಅಂಗಡಿಯ ಎದುರಿನ ಪೂರಿ ಬಿಡಬೇಕಂತೆ. ನಗಬೇಡ.

ಡಾಕ್ಟರನ್ನು ಇನ್ನೊಂದು ಪ್ರಶ್ನೆ ಕೇಳಿದೆ. ದಿನಕ್ಕೆ ಅರ್ಧ ಮಿರ್ಚಿ ತಿಂದರೆ ಅಡ್ಡಿಯಿಲ್ಲವಂತೆ, ಉಳಿದ ಊಟ ಸರಿಯಿದ್ದರೆ. ಆ ಅರ್ಧವನ್ನು ಬಿಡಬೇಡ ಚಿಗವ್ವಾ. ಉಳಿದರ್ಧ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಲಿ.

ನಿನ್ನ
ಪಂಪಿ

---

ಕಂಪ್ಲಿ
16 ಏಪ್ರಿಲ್ 2025

ಪಂಪೀ,

ಚೀಟಿಯನ್ನು ಮೇಜಿನ ಮೇಲೆ ಇಟ್ಟೆ.

ಸಿದ್ದಲಿಂಗೇಶ ಓದಿದ, ಮುದ್ರೆ ನೋಡಿದ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. "ಅಕ್ಕಾರ, ಇದನ್ನ ಮೊದ್ಲ ತೋರಿಸ್ಬೇಕಿಲ್ಲೇನ್ರಿ?" ಅಂದ.

"ಮೊದ್ಲ ತೋರಿಸಿದ್ರ ಮಿರ್ಚಿ ತಿನ್ನಾಕ ಬರ್ತಿದ್ದೇನಪ್ಪಾ?"

ಸರಿಯಾದ ಗುಳಿಗೆ ಕೊಟ್ಟ, ನೀನು ಬರೆದುಕೊಟ್ಟ ಹೆಸರಿಗೆ ಅಕ್ಷರ ಅಕ್ಷರ ಹೊಂದಿಸಿ ನೋಡಿದೆ. ಎರಡು ಸಂಜೆ ಅವನು ಬಂಡಿಯ ಕಡೆ ಸುಳಿಯಲಿಲ್ಲ. ಮೂರನೇ ಸಂಜೆ ಬಂದ, ನಾಲ್ಕು ಮಿರ್ಚಿ ತೊಗೊಂಡ, ಅಲ್ಲೇ ನಿಂತು ತಿಂದ. ಇನ್ನು ಯಾರಿಗೆ ಏನು ಹೇಳಿದನೋ ಗೊತ್ತಿಲ್ಲ. ದಿನಾ ಬರುತ್ತಿದ್ದ ಒಂದಿಬ್ಬರು ಕಾಣುತ್ತಿಲ್ಲ. ಮೊದಲಾಗಿದ್ದರೆ ನಿದ್ದೆ ಹಾರುತ್ತಿತ್ತು. ಈಗ ಚೆನ್ನಾಗಿ ನಿದ್ದೆ ಮಾಡುತ್ತೇನೆ. ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ನಡೆಯುತ್ತೇನಲ್ಲ, ಅದಕ್ಕೂ ಇರಬಹುದು.

ಹೊಸ ರಿಪೋರ್ಟಿನಲ್ಲಿ ಕೊಬ್ಬು ಅರ್ಧಕ್ಕಿಂತ ಕೆಳಗೆ ಬಂದಿದೆ. ಸೀರೆಯ ನೆರಿಗೆ ಒಂದು ಹೆಚ್ಚು ಬರುತ್ತಿದೆ. "ಹಂಪಕ್ಕ, ತೆಳ್ಳಗಾದ್ಯಲ್ಲ?" ಅಂತ ಜಂಬಪ್ಪನ ಹೆಂಡತಿ ಕೇಳಿದಳು. ಈ ಪ್ರಶ್ನೆಗೆ ಹೆದರಿಯೇ ಇಷ್ಟು ವರ್ಷ ಬದುಕಿದ್ದು. "ಹೂನವಾ, ಡಾಕ್ಟರು ಇಳಿಸಂದ್ರು" ಅಂದೆ. "ಯಾವ ಡಾಕ್ಟರು? ನನಗೂ ಹೇಳು" ಅಂದಳು.

ಸುಂಕಪ್ಪಣ್ಣನಿಗೆ ನಿನ್ನ ಕಾಗದ ಓದಿ ಹೇಳಿದೆ. ತಾತ ಅಂದದ್ದಕ್ಕೆ ಮೀಸೆ ತಿರುವಿಕೊಂಡ. ನೀನು ಮೊದಲು ಬರೆದ "ಪುಕ್ಕಟೆ ತಿಂದು ಹೋಗುತ್ತಾನೆ" ಅನ್ನುವುದನ್ನೂ ಓದಿಬಿಟ್ಟೆ. "ಖರೇನ ಐತಿ, ರೊಕ್ಕ ಎಂದ ಕೊಟ್ಟೀನಿ?" ಅಂತ ಕೆಮ್ಮುವಷ್ಟು ನಕ್ಕ. ಆಮೇಲೆ ಕೇಳಿದ, "ಆ ಹುಡುಗಿ ಯಾಕ ಬರವಲ್ದು? ಪೇಪರಿನ್ಯಾಗ ಮಸ್ತ್ ಮಾತಾಡಿದ್ಲಲ್ಲ." ಅವನೂ ಆವತ್ತೇ ನೋಡಿದ್ದನಂತೆ.

ಪೇಪರಿನ ವಿಷಯ ನಿನಗೆ ಹೇಳಿರಲಿಲ್ಲ. ಮಿರ್ಚಿ ಕಟ್ಟಿಕೊಡಲು ತಂದ ರದ್ದಿಯಲ್ಲಿ ನಿನ್ನ ಫೋಟೋ ಇದ್ದ ಹಾಳೆ ಬಂದಿತ್ತು. ಯಾರೂ ನೋಡಬಾರದು ಅಂತ ಎಳೆದು ತೆಗೆದೆ. ಹರಿಯಲು ಕೈ ಬರಲಿಲ್ಲ. ಎಣ್ಣೆ ತಾಗದ ಹಾಗೆ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮುಖ ಮುಚ್ಚದೆ ನಿಂತಿದ್ದೀಯ, ನಿನ್ನವ್ವನ ಹಾಗೇ ಕತ್ತು ಎತ್ತಿಕೊಂಡು.

ಕಂಪ್ಲಿಗೆ ಕಾಲಿಡಬೇಡ ಅಂದಿದ್ದೆನಲ್ಲ, ಆ ಮಾತನ್ನು ಹಿಂದಕ್ಕೆ ತೊಗೊಂಡಿದ್ದೇನೆ. ಇದೇ 24, ಗುರುವಾರ, ಸಂಜೆ ನಾಲ್ಕು ಗಂಟೆಗೆ ಬಂಡಿಯ ಹತ್ತಿರ ಬಾ. ಮೊದಲನೇ ಮಿರ್ಚಿ ಆಗಲೇ ತೆಗೆಯುವುದು. ಆವತ್ತು ಅದನ್ನು ಮೂರು ಪಾಲು ಮಾಡೋಣ ಅಂದಿದ್ದಾನೆ ಸುಂಕಪ್ಪಣ್ಣ. ತಡ ಮಾಡಬೇಡ, ಅವನು ಕಾಯುವವನಲ್ಲ.

ಗುರುವಾರ, ನಾಲ್ಕು ಗಂಟೆಗೆ.

ನಿನ್ನ ಚಿಗವ್ವ
ಹಂಪಕ್ಕ